ಸಾವಿರ ವ್ಯಾಟ್‌ನ ಶೇಂಗಾ ಚಟ್ನಿ

ಕಳೆದ ಭಾನುವಾರ ಶೇಂಗಾ ಚಟ್ನಿ ಮಾಡಲು ಕೂತ ಅವ್ವ ಪೀನಟ್ ಬಟರ್ ಮಾಡಿಟ್ಟಳು.

ನಗಬೇಡಿ. (ಕಾಕಾ ನಕ್ಕರು, ಅದರ ಫಲವನ್ನೂ ಉಂಡರು.) ದುರ್ಗದಬೈಲ್ ಪೇಟೆಯ ಅಂಗಡಿಯವರೊಬ್ಬರು ಅವ್ವನ ಚಟ್ನಿ ಪುಡಿಯನ್ನು ಮಾರಾಟಕ್ಕೆ ಇಟ್ಟುಕೊಳ್ಳುವ ಮನಸ್ಸು ಮಾಡಿದ್ದರು. ಸಂಜೆಯೊಳಗೆ ಸ್ಯಾಂಪಲ್ ತಲುಪಬೇಕು. ಇಷ್ಟು ವರ್ಷ ಬೀಗರ ಚೀಲಗಳಲ್ಲಿ ಪುಕ್ಕಟೆ ಊರೂರು ತಿರುಗಿದ ಚಟ್ನಿಗೆ ಮೊದಲ ಸಲ ಅವ್ವನ ಹೆಸರಿನ ಲೇಬಲ್ ಬೀಳುವುದಿತ್ತು.

ಅದಕ್ಕೆಂದೇ ಕಾಕಾ ಅತ್ತಿಗೆಗೆ ಹೊಸ ಮಿಕ್ಸರ್ ತಂದರು.

“ವೈನಿ, ಸಾವಿರ ವ್ಯಾಟ್ ಐತ್ರಿ! ಕಲ್ಲು ಹಾಕಿದ್ರೂ ಹಿಟ್ಟಾಕ್ಕೈತಿ.”

“ಕಲ್ಲಿನ ಚಟ್ನಿ ಯಾರು ತಿಂತಾರೋ ಮಾರಾಯಾ?”

ನಾನು ಓದಿದ್ದು ಫಿಸಿಕ್ಸ್. ಸುಮ್ಮನಿರಲಾಗಲಿಲ್ಲ. “ಕಾಕಾ, ವ್ಯಾಟ್ ಅಂದ್ರ ಮಷೀನು ಸೆಕೆಂಡಿಗೆ ಎಷ್ಟು ಕರೆಂಟ್ ಉಣತೈತಿ ಅನ್ನೂದ್ರಿ. ಎಷ್ಟು ಛಲೋ ಕೆಲಸ ಮಾಡತೈತಿ ಅನ್ನೂದಲ್ಲ.”

“ಉಂಡವ್ರೇ ದುಡಿಯೂದವಾ. ನೀ ಸರಿ ಉಣ್ಣೂದಿಲ್ಲ, ಅದಕ್ಕ ನಿನ್ನ ದನಿ ಅಡಿಗಿಮನಿ ದಾಟೂದಿಲ್ಲ!”

(ನಾನು ಶೇಂಗಾದ ಸಿಪ್ಪೆ ಊದತೊಡಗಿದೆ. ಉತ್ತರ ಕೊಟ್ಟಿದ್ದರೂ ಅದು ಅಡುಗೆಮನೆ ದಾಟುತ್ತಿರಲಿಲ್ಲ.)

ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರ, ಉಪ್ಪು, ಜೀರಿಗೆ. ಅವ್ವ ಸ್ವಿಚ್ ತಿರುಗಿಸಿದಳು. ಮಿಕ್ಸರ್ ಒಂದೇ ದನಿಯಲ್ಲಿ ಓಡಿತು. ಓಡಿಯೇ ಓಡಿತು. ಮುಚ್ಚಳ ತೆಗೆದರೆ ಪುಡಿಯಿಲ್ಲ. ಎಣ್ಣೆ ಬಿಟ್ಟುಕೊಂಡ ಬಿಸಿ ಮುದ್ದೆ.

“ಬ್ರೆಡ್ಡಿಗೆ ಹಚ್ಚಾಕ ಭಾರಿ ಐತ್ರಿ,” ಎಂದು ಕಾಕಾ ನಕ್ಕರು. ಅವ್ವ ನಗಲಿಲ್ಲ. ಲೋಟದ ತುಂಬ ಅದನ್ನೇ ತುಂಬಿ ಅವರ ಮುಂದಿಟ್ಟಳು. ನಂತರ ಮೆಲ್ಲಗೆ ನನಗೆ, “ಅಂಗಡಿಯವ್ರಿಗೆ ಆಗೂದಿಲ್ಲಂತ ಫೋನ್ ಮಾಡವಾ,” ಎಂದಳು.

ನಾನು ಫೋನ್ ಮುಟ್ಟಲಿಲ್ಲ. ಅದೇ ಕೈ, ಅದೇ ಶೇಂಗಾ, ಅದೇ ಅಳತೆ. ಬದಲಾದದ್ದು ಏನು?

ಹಳೆಯ ಮಿಕ್ಸರ್ ಬಡಪಾಯಿ. ಸ್ವಲ್ಪ ತಿರುಗಿದರೆ ಕಾದು ವಾಸನೆ ಬರುತ್ತಿತ್ತು. ಸುಟ್ಟೀತೆಂಬ ಹೆದರಿಕೆಗೆ ಅವ್ವ ಮತ್ತೆ ಮತ್ತೆ ನಿಲ್ಲಿಸುತ್ತಿದ್ದಳು. “ತಡಿ, ಅದೂ ಉಸಿರು ತಗೊಳ್ಳಲಿ.” ಆ ಬಿಡುವಿನಲ್ಲಿ ಚಮಚೆಯಿಂದ ಕೈಯಾಡಿಸುತ್ತಿದ್ದಳು, ಕಿಟಕಿಯಾಚೆಗಿನವರ ಜೊತೆ ಎರಡು ಮಾತಾಡುತ್ತಿದ್ದಳು. ಶೇಂಗಾ ಆರುತ್ತಿತ್ತು, ಎಣ್ಣೆ ಬಿಡುತ್ತಿರಲಿಲ್ಲ. ಬೈರಿದೇವರಕೊಪ್ಪದ ನಮ್ಮ ಓಣಿಯೆಲ್ಲ ಹೊಗಳಿದ ಕೈರುಚಿಯ ಅರ್ಧ ಪಾಲು ಆ ಮೋಟರಿನ ದಣಿವಿನದು! ಹೊಸದು ದಣಿಯುವುದಿಲ್ಲ. ಹಾಗಾಗಿ ಅವ್ವನೂ ನಿಲ್ಲಿಸಲಿಲ್ಲ.

“ಅವ್ವಾ, ಇದೂ ದಣದೈತಿ ಅಂತ ತಿಳ್ಕೊ. ಹಳೇದಕ್ಕ ಮಾಡಿದಂಗ ಮಾಡು.”

“ಸಾವಿರ ವ್ಯಾಟ್ ಹೆಂಗ ದಣಿತೈತಿ?” ಕಾಕಾ ಕೇಳಿದರು.

“ನೀ ಸುಮ್ನ ಅದನ್ನ ತಿನ್ನು,” ಎಂದ ಅವ್ವ ಬೇರೆ ಶೇಂಗಾ ಹುರಿದು ಹಾಕಿದಳು.

ಗುರ್ರ್, ನಿಲುಗಡೆ. ಚಮಚೆ. ಮತ್ತೆ ಗುರ್ರ್, ನಿಲುಗಡೆ. ಪುಡಿ ಬಿಡಿಬಿಡಿಯಾಗಿ ಬಿತ್ತು.

ಸಂಜೆ ಅಂಗಡಿಯವರು ಚಿಟಿಕೆ ಬಾಯಿಗೆ ಹಾಕಿಕೊಂಡು ಕೇಳಿದರು: “ಅಕ್ಕಾರ, ಒಳ್ಳಾಗ ಒನಕಿಲೆ ಕುಟ್ಟಿದ್ದೇನ್ರಿ?”

“ಲೇಬಲ್ ಮ್ಯಾಲ ಹೆಸರು ದೊಡ್ಡದಾಗಿ ಹಾಕ್ರಿ,” ಎಂದಳು ಅವ್ವ.

ಬಲ್ಬ್ ಕೊಳ್ಳಲಿ, ಸ್ಪೀಕರ್ ಕೊಳ್ಳಲಿ, ನಮ್ಮ ಮೊದಲ ಪ್ರಶ್ನೆ ಒಂದೇ: ಎಷ್ಟು ವ್ಯಾಟ್? ಈಗೀಗ ಮನುಷ್ಯರನ್ನೂ ಹಾಗೆಯೇ ಆರಿಸುತ್ತೇವೆ. ಕೆಲಸಕ್ಕೆ, ಸಭೆಗೆ, ಸೊಸೆಯಾಗಿ ಬರುವುದಕ್ಕೂ. ಎಷ್ಟು ಹೊತ್ತು ಓಡಬಲ್ಲೆ ಎಂದು ಎಲ್ಲರೂ ವಿಚಾರಿಸುತ್ತಾರೆ.

ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿದೆಯೇ ಎಂದು ನಿಮ್ಮನ್ನು ಯಾರಾದರೂ ಕೇಳಿದ್ದುಂಟೇ?