ಆಕ್ಸಿಲರೇಟರ್ ಮೇಲಿನ ಕಲ್ಲು

ಹಳೆಯ ಕಾರಿನ ಇಂಜಿನ್ನಿನಲ್ಲಿ ನೀರು ಎಲ್ಲಿ ಸೋರುತ್ತಿದೆಯೆಂದು ಹುಡುಕಲು ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಆಕ್ಸಿಲರೇಟರ್ ಒತ್ತಬೇಕು, ಇನ್ನೊಬ್ಬರು ಟಾರ್ಚ್ ಬಿಟ್ಟು ನೋಡಬೇಕು. ಹೆಬಳೆಯ ಮೆಕ್ಯಾನಿಕ್ ಮಾಬ್ಲ ನಾಯ್ಕರಿಗೆ ಒತ್ತಿಕೊಡುತ್ತಿದ್ದವಳು ಹೆಂಡತಿ ಮಾದೇವಿ. "ಎಂತ ನೋಡ್ತ್ರಿ ಅಷ್ಟೊತ್ತು? ಒಲೆ ಮೇಲೆ ಸಾರಿದೆ!" ಎಂದು ಒಳಗಿಂದಲೇ ಗದರುತ್ತಿದ್ದಳು. ಕಳೆದ ಮಳೆಗಾಲದಲ್ಲಿ ತೀರಿಕೊಂಡಳು.

ಮೊನ್ನೆ ಕುಮಟೆಯಿಂದ ಕಾರು ತಂದವರು, "ನಾನು ಒತ್ತಲಾ?" ಎಂದರು.

"ಎಂತಕ್ಕೆ? ನೀವು ಆಚೆ ಕೂತ್ಕಣಿ," ನಾಯ್ಕರು ಸಿಡುಕಿದರು.

ಚಿರೆಕಲ್ಲಿನ ತುಂಡೊಂದನ್ನು ಆಕ್ಸಿಲರೇಟರ್ ಮೇಲಿಟ್ಟು ಬಂದು ಬಾನೆಟ್ಟಿನೊಳಗೆ ಬಗ್ಗಿದರು. ಇಂಜಿನ್ ಕಾಯುತ್ತಾ ಬಂತು. ವಾಟರ್ ಪಂಪಿನ ಅಡಿಯಲ್ಲಿ ಸಣ್ಣದೊಂದು ಹನಿ ಮೂಡಿ ಉದುರಿತು.

"ಸಿಕ್ತು! ಆತು, ಇನ್ನು ಕಾಲು ತೆಗಿ ಮಾರಾಯ್ತಿ!" ನಾಯ್ಕರು ಕೂಗಿದರು.

ಇಂಜಿನ್ ಮೊರೆಯುತ್ತಲೇ ಇತ್ತು.