ಪಾದೆಯ ಮೇಲೆ ಹೆಣೆದ ಜಡೆ

ದೆವ್ವ ಕಂಡದ್ದು, ಕನಸಿನಲ್ಲಿ ಬಂದು ಹೇಳಿದ್ದು, ಯಾರೋ ಹೆಸರು ಹಿಡಿದು ಕರೆದದ್ದು ಎಂದೆಲ್ಲ ಕಥೆ ಹೇಳುವವರ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಎದುರಿಗೆ ತೋರಿಸುವುದಿಲ್ಲ. ಚಹಾ ಕೊಡುತ್ತೇನೆ, "ಹೌದಾ?" ಎನ್ನುತ್ತೇನೆ, ಅವರು ಗೇಟು ದಾಟಿದ ಮೇಲೆ ಲೋಟ ತೊಳೆಯುತ್ತ ನನ್ನಷ್ಟಕ್ಕೇ ನಗುತ್ತೇನೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ದೊಡ್ಡ ಸ್ವರದಲ್ಲಿ ಮಾತಾಡಬಾರದು ಎಂದು ಸಿಸ್ಟರುಗಳು ಕಲಿಸಿದ್ದರೇ ಹೊರತು, ಕೇಳಿದ್ದನ್ನೆಲ್ಲ ನಂಬಬೇಕು ಎಂದು ಕಲಿಸಿರಲಿಲ್ಲ. ಇಂಥ ಕಥೆ ಹೇಳುವವರು ನೋಡಬೇಕಾದ್ದನ್ನು ನೋಡಿರುವುದೇ ಇಲ್ಲ. ಬಾಗಿಲು ತಾನಾಗಿ ತೆರೆಯಿತು ಎನ್ನುತ್ತಾರೆ. ಚಿಲಕ ಸರಿಯಾಗಿ ಹಾಕಿತ್ತಾ ಎಂದು ಕೇಳಿದರೆ ಗೊತ್ತಿಲ್ಲ.

ಈಗ ನಾನೇ ಅಂಥದ್ದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಚಿಲಕ ನೋಡಿಕೊಂಡೇ ಬರೆಯುತ್ತಿದ್ದೇನೆ ಎನ್ನುವುದನ್ನು ಮಾತ್ರ ನಂಬಿ.

ನಾವಿರುವುದು ಮಣಿಪಾಲದಲ್ಲಿ. ನನ್ನ ಮೈದುನನ ಮನೆ ಇನ್ನಂಜೆಯಲ್ಲಿ, ಅತ್ತೆ ಇರುವುದೂ ಅಲ್ಲಿಯೇ. ಮೈದುನನ ಮೊದಲ ಹೆಂಡತಿ ಸುಜಾತ ಕಾಯಿಲೆಯಲ್ಲಿ ತೀರಿಕೊಂಡಾಗ ಮಗಳು ಪ್ರಾಪ್ತಿ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಎರಡು ವರ್ಷ ಕಳೆದು ಅವನು ಪಡುಬಿದ್ರಿಯ ಆಶಾಳನ್ನು ಮದುವೆಯಾದ. ಮಗು ಅವಳನ್ನು "ಆಶಾಂಟಿ" ಎಂದು ಕರೆಯುತ್ತಿತ್ತು, ಅದೂ ಏನಾದರೂ ಬೇಕಾದಾಗ ಮಾತ್ರ. ದೊಡ್ಡ ರಗಳೆ ತಲೆಕೂದಲಿನದ್ದು. ತಾಯಿ ಹೋದ ಮೇಲೆ ಪ್ರಾಪ್ತಿ ತನ್ನ ಕೂದಲನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಬಾಚಣಿಗೆ ಕಂಡರೆ ಮಂಚದಡಿಗೆ ಹೋಗುತ್ತಿದ್ದಳು, ಕತ್ತರಿ ಕಂಡರೆ ಊರಿಗೆಲ್ಲ ಕೇಳುವ ಹಾಗೆ ಬೊಬ್ಬೆ ಹಾಕುತ್ತಿದ್ದಳು. ಸ್ನಾನ ಮಾಡಿಸಿದರೂ ಕೂದಲು ಸಿಕ್ಕುಗಟ್ಟಿ ಬೆನ್ನ ಮೇಲೆ ಒಂದು ಗುಪ್ಪೆಯಾಗಿ ಬಿದ್ದಿರುತ್ತಿತ್ತು.

ಅತ್ತೆಗೆ ಸಾಕಾಗಿತ್ತು. "ಈ ರಜೆ ಮುಗಿಯಲಿ, ಘಟ್ಟದ ಮೇಲೆ ಸುಜಾತನ ತವರಿಗೆ ಕಳಿಸುವ. ಇವಳ ಕೈಗೆ ಅದು ಬಗ್ಗುವುದಿಲ್ಲ," ಎಂದು ಆಶಾಳ ಎದುರಿಗೇ ಹೇಳಿದರು. ಮೈದುನ ಎಂದಿನಂತೆ ಫೋನು ನೋಡುತ್ತ ತಲೆಯಾಡಿಸಿದ. ಆದರೆ ಆಶಾಳ ಕೋಣೆಯಲ್ಲಿ ಮುಂದಿನ ಕ್ಲಾಸಿನ ಪುಸ್ತಕಗಳಿಗೆಲ್ಲ ಆಗಲೇ ಬೈಂಡು ಹಾಕಿ, ಪ್ರಾಪ್ತಿಯ ಹೆಸರಿನ ಚೀಟಿ ಅಂಟಿಸಿಟ್ಟದ್ದನ್ನು ನಾನು ನೋಡಿದ್ದೆ. ಮಗು ಹೋಗುವುದಾದರೆ ಆ ಪುಸ್ತಕಗಳನ್ನು ಯಾರು ಓದುವುದು?

ಒಂದು ದಿನ ಎಲ್ಲಿಗಾದರೂ ಒಟ್ಟಿಗೆ ಹೋಗಿ ಬನ್ನಿ, ಮಗು ಸ್ವಲ್ಪ ಹೊಂದಿಕೊಂಡೀತು ಎಂದು ನನ್ನ ಗಂಡ ಮಣಿಪಾಲದಿಂದ ಹೊರಡುವ ಒಂದು ಟೂರಿಗೆ ಅತ್ತೆ, ಆಶಾ, ಪ್ರಾಪ್ತಿ, ನಾನು, ಹೀಗೆ ನಮ್ಮ ನಾಲ್ವರ ಹೆಸರು ಕೊಟ್ಟರು. ತಾವು ಬರಲಿಲ್ಲ, ಬುದ್ಧಿವಂತರು. "ನೇಚರ್ ಟೆರೇಸ್ ಮತ್ತು ಮರೆತುಹೋದ ಸಾಮ್ರಾಜ್ಯ" ಎಂದು ಅದರ ಹೆಸರು. ಕಾರ್ಕಳ ದಾಟಿ ಸ್ವಲ್ಪ ದೂರದ ಒಂದು ದೊಡ್ಡ ಪಾದೆ, ಅಂದರೆ ಹಾಸುಬಂಡೆ. ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಅಗಲವಾದ ಹಂತಗಳು, ತುದಿಯಲ್ಲಿ ಹೆಂಚಿನ ಮಾಡು ಹಾರಿಹೋದ ಹಳೆಯ ಬಸದಿ. ಜಾಗದ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ರೀಲ್ಸ್ ಮಾಡುವವರು ಹೋಗಿ ಕುಣಿಯುತ್ತಾರೆ. ನಮ್ಮ ಅಜ್ಜಿಯರು ಹಪ್ಪಳ ಒಣಗಿಸುತ್ತಿದ್ದಂಥ ಪಾದೆಯನ್ನು ಟೆರೇಸ್ ಎಂದು ಕರೆದು ಜನರನ್ನು ಬಸ್ಸಿನಲ್ಲಿ ತುಂಬಿಸಿಕೊಂಡು ಹೋಗುವ ಕಾಲ ಬಂತಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಗೈಡು ಒಬ್ಬ ಹುಡುಗಾಟಿಕೆಯ ಯುವಕ. ಸೊಂಟಕ್ಕೆ ಸ್ಪೀಕರು, ಬಾಯಿಗೆ ಮೈಕು, ಬಿಸಿಲಿದ್ದರೂ ಕಣ್ಣಿಗಿಳಿಯದೆ ಟೋಪಿಯ ಮೇಲೆಯೇ ಉಳಿದ ಕಪ್ಪು ಕನ್ನಡಕ. ಹೋಗುವಾಗ ಐನೂರು ವರ್ಷ ಹಳೆಯದಾಗಿದ್ದ ಕಂಬ ಬರುವಾಗ ಸಾವಿರ ವರ್ಷದ್ದಾಯಿತು. ಪ್ರತಿ ಕಲ್ಲಿಗೂ ಒಬ್ಬಳು ರಾಣಿ, ಪ್ರತಿ ರಾಣಿಗೂ ಒಂದು ಶಾಪ. ಬಸ್ಸಿನಲ್ಲಿದ್ದ ಕಾಲೇಜು ಹುಡುಗರು "ವಾವ್ ಬ್ರೋ" ಎನ್ನುತ್ತಿದ್ದರು. ಅತ್ತೆ ಕೂಡ ಬಾಯಿ ತೆರೆದು ಕೇಳುತ್ತಿದ್ದರು.

ನಡುವಿನ ಒಂದು ಹಂತದಲ್ಲಿ ಒಬ್ಬರು ಕೂರುವಷ್ಟು ತಗ್ಗಾದ ಕಲ್ಲಿತ್ತು, ಮಳೆನೀರು ಕೊರೆದದ್ದು. ಗೈಡು ಅದರ ಬಳಿ ನಿಂತು ಪ್ರಾಪ್ತಿಯನ್ನು ನೋಡಿ ನಕ್ಕ. "ಓಕೆ ಗೈಸ್, ಇಲ್ಲಿ ಒಬ್ಬರು ಅಜ್ಜಿ ಕೂತ್ಕೊಳ್ತಿದ್ರು. ಬಸದಿಗೆ ಹೋಗುವ ಹೆಣ್ಣುಮಕ್ಕಳು ತಲೆ ಬಾಚದೆ ಬಂದ್ರೆ ಹಿಡಿದು ಕೂರಿಸಿ ಜಡೆ ಹಾಕಿಯೇ ಮೇಲೆ ಬಿಡುವುದು. ಈಗಲೂ ಇದ್ದಾರಂತೆ, ಅಲ್ವಾ ಪುಟ್ಟಿ?"

ಎಲ್ಲರೂ ನಕ್ಕರು. ಪ್ರಾಪ್ತಿ ತನ್ನ ಗುಪ್ಪೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನನ್ನ ಹಿಂದೆ ಬಂದಳು. ಆಶಾಳ ಮುಖ ಕೆಂಪಾಯಿತು.

"ಇದು ಎಲ್ಲಿ ಬರೆದಿದೆ?" ಎಂದು ನಾನು ಮೆಲ್ಲನೆ ಕೇಳಿದೆ.

"ಇತಿಹಾಸದಲ್ಲಿ ಉಂಟು ಅಕ್ಕ," ಎಂದ.

ಅಂಥವನ ಜೊತೆ ವಾದಕ್ಕೆ ಇಳಿಯುವುದು ನನ್ನ ಮರ್ಯಾದೆಗೆ ಕಡಿಮೆ ಅನಿಸಿತು.

ಮಧ್ಯಾಹ್ನ ಬಸದಿಯ ಗೋಡೆಯ ನೆರಳಿನಲ್ಲಿ ಊಟದ ಪೊಟ್ಟಣ ಹಂಚಿದರು. ನೀರು ಖಾಲಿಯಾಗಿತ್ತು. ಅತ್ತೆಗೆ ಮಾತ್ರೆ ತೆಗೆದುಕೊಳ್ಳಬೇಕಿತ್ತು. ಆಶಾ ಬಾಟಲಿಗಳನ್ನು ಹಿಡಿದು ಕೆಳಗೆ ರಸ್ತೆಯಲ್ಲಿ ನಿಂತ ಬಸ್ಸಿಗೆ ಹೋದಳು. ನಾನು ಅತ್ತೆಗೆ ಪೊಟ್ಟಣ ಬಿಚ್ಚಿಕೊಟ್ಟು, ಉಪ್ಪಿನಕಾಯಿ ಬೇರೆ ತೆಗೆದಿಟ್ಟು, ಪ್ರಾಪ್ತಿ ಎಲ್ಲಿ ಎಂದು ತಿರುಗಿದರೆ ಅವಳಿರಲಿಲ್ಲ.

ಬಸದಿಯ ಒಳಗೆ ನೋಡಿದೆವು, ಹಿಂದಿನ ಗೇರುಮರಗಳ ಅಡಿಯಲ್ಲಿ ನೋಡಿದೆವು. ಕಾಲೇಜು ಹುಡುಗರು ನಾಲ್ಕೂ ಕಡೆ ಓಡಿದರು. ಗೈಡು ಮೈಕಿನಲ್ಲಿ "ಪ್ರಾಪ್ತಿ, ಪ್ರಾಪ್ತಿ" ಎಂದು ಕೂಗುತ್ತ ನನ್ನ ಜೊತೆಯೇ ಇದ್ದ. ನಾನು ಒಂದೊಂದೇ ಹಂತ ಇಳಿದೆ. ಆ ತಗ್ಗಿನ ಕಲ್ಲಿನ ಮೇಲೆಯೇ ನಿಂತು ಸುತ್ತ ನೋಡಿ ಕೂಗಿದೆ. ಮರವಿಲ್ಲ, ಪೊದೆಯಿಲ್ಲ, ಬೋಳು ಕಲ್ಲು. ಪಾದೆಯ ಒಂದು ಬದಿಯಲ್ಲಿ ಹಳೆಯ ಕಲ್ಲುಕೋರೆಯ ನೀರು ತುಂಬಿದ ಹೊಂಡವಿತ್ತು. ಅದರ ಕಡೆಗೆ ನಾನು ನೋಡಿದ್ದನ್ನು ಅತ್ತೆಯೂ ನೋಡಿದರು.

ಆಶಾ ಬಾಟಲಿಗಳೊಂದಿಗೆ ಮೇಲೆ ಬಂದಾಗ ಅತ್ತೆ ಅಷ್ಟು ಜನರ ಎದುರಿಗೆ ಹೇಳಿದರು: "ಹೊಟ್ಟೆಯಲ್ಲಿ ಹುಟ್ಟಿದ್ದಾದರೆ ಹೀಗೆ ಬಿಟ್ಟು ಹೋಗ್ತಿದ್ದೆಯಾ ನೀನು?"

ಮಾತ್ರೆಗೆ ನೀರು ಕೇಳಿದವರು ಅವರೇ. ಆಶಾ ಬಾಟಲಿಗಳನ್ನು ಕಲ್ಲಿನ ಮೇಲಿಟ್ಟು ಕೆಳಗೆ ಓಡಿದಳು. ಒಂದು ಚಪ್ಪಲಿಯ ಬಾರು ಕಿತ್ತುಹೋಯಿತು, ಇನ್ನೊಂದನ್ನೂ ಅಲ್ಲಿಯೇ ಬಿಟ್ಟಳು. ಆ ಕಲ್ಲಿನ ಮೇಲೆ ಆ ಹೊತ್ತಿಗೆ ಬರಿಗಾಲು ಇಡುವುದೆಂದರೆ ಕಾದ ಕಾವಲಿಯ ಮೇಲೆ ಇಟ್ಟ ಹಾಗೆ. ನಾನು ಹೊಂಡದ ಕಡೆಗೆ ಹೋದೆ.

ಮಗು ಕಾಣೆಯಾಗಿ ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ, ಯಾರೋ "ಸಿಕ್ಕಿದಳು" ಎಂದು ಕೂಗಿದರು. ನಾನು ಬಸ್ಸಿಗೆ ಬಂದು ಹತ್ತಿದಾಗ ಪ್ರಾಪ್ತಿ ಆಶಾಳ ಮಡಿಲಲ್ಲಿದ್ದಳು. ಆಶಾ ಒಂದು ಕೈಯಲ್ಲಿ ಅವಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ತನ್ನ ಪಾದ ಒರೆಸಿಕೊಳ್ಳುತ್ತಿದ್ದಳು. ಆಶಾ ಕಂಡಾಗ ಮಗು ಆ ತಗ್ಗಿನ ಕಲ್ಲಿನಲ್ಲಿಯೇ ಕುಳಿತಿತ್ತಂತೆ. ನಾನು ನಿಂತು ಕೂಗಿದ ಕಲ್ಲು.

ಪ್ರಾಪ್ತಿಯ ತಲೆ ಬಾಚಿತ್ತು. ಎಣ್ಣೆ ಹಚ್ಚಿ, ಬೈತಲೆ ನೇರವಾಗಿ ತೆಗೆದು, ಒಂದೇ ಜಡೆ, ಸೊಂಟದವರೆಗೆ. ಅಂತೂ ಆಶಾಳ ಕೈಗೆ ತಲೆ ಕೊಟ್ಟಳಲ್ಲ, ಇಷ್ಟು ಗಲಾಟೆಯಲ್ಲಿ ಇವಳಿಗೆ ಜಡೆ ಹೆಣೆಯುವ ತಾಳ್ಮೆ ಎಲ್ಲಿಂದ ಬಂತು ಎಂದುಕೊಂಡೆ. ಮಗುವಿನ ಪಕ್ಕ ಕುಳಿತು ಜಡೆಯ ತುದಿ ಹಿಡಿದು ನೋಡಿದೆ. ಕಾನ್ವೆಂಟಿನಲ್ಲಿ ಪ್ರತಿ ಸೋಮವಾರ ನಮ್ಮ ಜಡೆಗಳ ತಪಾಸಣೆ ನಡೆಯುತ್ತಿತ್ತು, ಹಾಗಾಗಿ ಜಡೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೆಣಿಗೆ ನಾನು ಕಂಡ ಯಾವ ಬಗೆಯದ್ದೂ ಆಗಿರಲಿಲ್ಲ. ಎಳೆಗಳು ಮೇಲಿನಿಂದ ಹಾಯುವ ಬದಲು ಅಡಿಯಿಂದ ನುಸುಳಿ ಬಂದಿದ್ದವು. ತುದಿಗೆ ರಬ್ಬರ್ ಬ್ಯಾಂಡ್ ಇಲ್ಲ, ಬಾಳೆಯ ನಾರು. ಮಲ್ಲಿಗೆ ಕಟ್ಟುವಾಗ ನೆನೆಸಿಡುತ್ತಾರಲ್ಲ, ಹಾಗೆ ಒದ್ದೆಯಾಗಿತ್ತು.

ಅತ್ತೆಯದು ಮಲ್ಲಿಗೆ ಬೆಳೆಯುವ ಮನೆ. ಅಲ್ಲಿ ಎಲ್ಲರ ಚೀಲದಲ್ಲಿಯೂ ನಾರಿರುತ್ತದೆ. ಅವರು ಜಡೆ ನೋಡಿ, ಆಶಾಳನ್ನು ನೋಡಿ, ಕಿಟಕಿಯ ಕಡೆ ತಿರುಗಿ ಹೇಳಿದರು: "ಜಡೆ ಚಂದ ಹಾಕಿದ್ದೀ." ಅತ್ತೆಯ ಬಾಯಿಂದ ಕ್ಷಮೆ ಬರುವುದಿದ್ದರೆ ಅಷ್ಟೇ. ಆಶಾ ನನ್ನನ್ನು ನೋಡಿದಳು.

ಚಹಾಕ್ಕೆ ಬಸ್ಸು ಕಾರ್ಕಳದಲ್ಲಿ ನಿಂತಾಗ ಆಶಾ ನನ್ನ ಪಕ್ಕ ಬಂದಳು. "ಅಕ್ಕ, ನೀವು ಜಡೆ ಹಾಕಿದ್ದು ಅಂತ ಅತ್ತೆಗೆ ಹೇಳಲಿಲ್ಲ ಅಲ್ವಾ. ಉಪಕಾರ ಆಯ್ತು."

"ನಾನೆಲ್ಲಿ ಹಾಕಿದ್ದು ಮಾರಾಯ್ತಿ? ನೀನಲ್ವಾ?"

"ನಾನು ನೀರಿಗೆ ಹೋದಾಗ ನೀವು ಹಾಕಿದ್ದು ಅಂದ್ಕೊಂಡೆ. ನನಗೆ ಸಿಗುವಾಗಲೇ ಜಡೆ ಇತ್ತು."

ನಾನು ಪ್ರಾಪ್ತಿಯನ್ನು ಕರೆದು, ಅವಳಿಗೆ ಗಾಬರಿಯಾಗದ ಹಾಗೆ ಕೇಳಿದೆ.

"ಯಾರು ಪುಟ್ಟಿ ಜಡೆ ಹಾಕಿದ್ದು?"

"ಅಜ್ಜಿ."

"ಯಾವ ಅಜ್ಜಿ?"

"ದೊಡ್ಡಮ್ಮಾ, ಅಲ್ಲಿ ಇದ್ರಲ್ಲ. ಬಾಚಣಿಗೆ ಇರಲಿಲ್ಲ ಅವರ ಹತ್ರ, ಕೈಯಲ್ಲೇ ಬಾಚಿದ್ದು. ನನ್ನ ತಲೆ ತೆಂಗಿನ ಸಿಪ್ಪೆಯ ಹಾಗೆ ಉಂಟಂತೆ."

"ನೋವಾಗಲಿಲ್ವಾ?"

"ಆಯ್ತು. ಅಳುವ ಅಂತ ಇದ್ದೆ. ಸುಮ್ನೆ ಕೂತ್ಕೋ, ಎಂತ ಕುಣಿಯುವುದು ಅಂದ್ರು." ಬನ್ನು ಕಚ್ಚಿ ತಿನ್ನುತ್ತ ಮತ್ತೆ ಹೇಳಿದಳು: "ಯಾರ ಮಗಳು ನೀನು ಅಂತ ಕೇಳಿದ್ರು."

"ನೀನೆಂತ ಹೇಳಿದೆ?"

"ಆಶಾಂಟಿಯ ಮಗಳು ಅಂದೆ."

ಆಶಾ ಆ ಕಡೆ ತಿರುಗಿ ಚಹಾದ ಲೋಟವನ್ನು ಅಂಗಡಿಯ ಮೇಜಿನ ಮೇಲಿಡಲು ಹೋದಳು. ಲೋಟ ತುಂಬಿಯೇ ಇತ್ತು.

ಗೈಡಿನ ಮೇಲೆ ನನಗೆ ಆಗ ಬಂದ ಸಿಟ್ಟು ಸಣ್ಣದಲ್ಲ. ಪಕ್ಕಕ್ಕೆ ಕರೆದು, ಯಾವುದೋ ಹೆಂಗಸನ್ನು ಅಲ್ಲಿ ಕೂರಿಸಿ ಇಂಥ ನಾಟಕ ಆಡಿಸುತ್ತೀಯಾ, ಈ ಕಥೆ ನಿನಗೆ ಹೇಳಿದವರು ಯಾರು ಎಂದು ಕೇಳಿದೆ. ಅವನು ಟೋಪಿ ತೆಗೆದ. ಟೋಪಿಯಿಲ್ಲದೆ ತೀರ ಸಣ್ಣವನ ಹಾಗೆ ಕಂಡ.

"ಯಾರೂ ಹೇಳಿದ್ದಲ್ಲ ಅಕ್ಕ. ನಾನೇ ಮಾಡಿದ್ದು. ಆ ಮಗುವಿನ ತಲೆ ನೋಡಿ ಆಗಲೇ ಬಾಯಿಗೆ ಬಂತು. ಮೊದಲು ಯಾವತ್ತೂ ಹೇಳಿದ್ದಲ್ಲ, ದೇವರಾಣೆ." ಆಮೇಲೆ ಅವನೇ ಕೇಳಿದ: "ಜಡೆ ನೀವಾ ಹಾಕಿದ್ದು?"

ಅಷ್ಟು ಹೊತ್ತು ನಾನು ಕಾಯುತ್ತಿದ್ದದ್ದು ಇದೇ ಒಪ್ಪಿಗೆಗೆ. ಅವನ ಕಥೆ ಸುಳ್ಳೆಂದು ನನಗೆ ಮೊದಲೇ ಗೊತ್ತಿತ್ತು, ಅವನೂ ಒಪ್ಪಿದ. ನನ್ನ ಮಾತೇ ಸರಿಯಾಯಿತು. ಆದರೆ ಅದರಿಂದ ನನಗೆ ಒಂದಿಷ್ಟೂ ಸಮಾಧಾನವಾಗಲಿಲ್ಲ.

ನಾನು ಯೋಚಿಸದೆ ಬಿಟ್ಟಿಲ್ಲ. ಗೇರುಬೀಜ ಹೆಕ್ಕಲು ಬಂದ ಊರಿನ ಹೆಂಗಸೊಬ್ಬಳು ಕಥೆ ಕೇಳಿ ಕರುಣೆಯಿಂದ ಬಾಚಿರಬಹುದು ಎಂದು ಬಹಳ ದಿನ ಅಂದುಕೊಂಡೆ. ಹಾಗಾದರೆ ನಾನು ಅದೇ ಕಲ್ಲಿನ ಮೇಲೆ ನಿಂತಾಗ ಅವರಿಬ್ಬರೂ ಎಲ್ಲಿದ್ದರು? ನೀರಿಗಾಗಿ ಬಸ್ಸಿನವರೆಗೆ ಹೋಗಬೇಕಾದ ಬಿಸಿಲಿನಲ್ಲಿ ಆ ನಾರು ಒದ್ದೆಯಾಗಿ ಉಳಿದದ್ದು ಹೇಗೆ? ಎಲ್ಲಕ್ಕಿಂತ ಹೆಚ್ಚಾಗಿ, ಎರಡು ವರ್ಷಕ್ಕೂ ಮೀರಿದ ಸಿಕ್ಕನ್ನು ಬಾಚಣಿಗೆಯಿಲ್ಲದೆ ಅರ್ಧ ಗಂಟೆಯಲ್ಲಿ ಬಿಡಿಸಲು ಯಾರಿಂದಲೂ ಆಗುವುದಿಲ್ಲ. ಹೆಣ್ಣುಮಕ್ಕಳ ತಲೆ ಬಾಚಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ವಿಷಯ ತಿಳಿದ ಒಬ್ಬಿಬ್ಬರು ಕಣ್ಣು ಒದ್ದೆ ಮಾಡಿಕೊಂಡು, ಅದು ಸುಜಾತನೇ, ತಾಯಿಯ ಜೀವ ಅಲ್ವಾ ಎಂದರು. ಇಂಥ ಮಾತಿಗೆ ನನ್ನಲ್ಲಿ ಈಗಲೂ ತಾತ್ಸಾರವೇ ಉಳಿದಿದೆ. ಸುಜಾತ ಒಳ್ಳೆಯ ಹುಡುಗಿ, ಆದರೆ ಅವಳು ಹಾಕಿದ ಜಡೆ ಮಗು ಅಂಗನವಾಡಿಯ ಗೇಟು ಮುಟ್ಟುವ ಮೊದಲೇ ಬಿಚ್ಚಿಹೋಗುತ್ತಿತ್ತು. ಸತ್ತ ಮೇಲೆ ಯಾರೂ ಹೊಸದಾಗಿ ಜಡೆ ಹೆಣೆಯಲು ಕಲಿಯುವುದಿಲ್ಲ.

ಆ ರಾತ್ರಿ ನಾನು ಇನ್ನಂಜೆಯಲ್ಲಿಯೇ ಉಳಿದೆ. ಬೆಳಿಗ್ಗೆ ಪ್ರಾಪ್ತಿ ತಾನಾಗಿಯೇ ಬಾಚಣಿಗೆ ತಂದು ಆಶಾಳ ಎದುರು ಬೆನ್ನು ಹಾಕಿ ಕುಳಿತು, "ನಿನ್ನೆಯ ಹಾಗೆಯೇ ಹಾಕಬೇಕು," ಎಂದಳು. ಆಶಾ ಎಳೆ ಎಳೆಯಾಗಿ ಬಿಚ್ಚಿದಳು, ಹೆಣಿಗೆ ಹೇಗೆ ಹೋಗಿದೆ ಎಂದು ನಾನು ಬಗ್ಗಿ ನೋಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಇಬ್ಬರಿಗೂ ಲೆಕ್ಕ ತಪ್ಪಿತು. ಕೊನೆಗೆ ಆಶಾ ಸಾದಾ ಮೂರೆಳೆಯ ಜಡೆ ಹಾಕಿದಳು. ಮಗು ಒಮ್ಮೆ ಕುಣಿಯಿತು. "ಸುಮ್ನೆ ಕೂತ್ಕೋ," ಎಂದಳು ಆಶಾ. ಕುಳಿತಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತು ನೋಡುತ್ತಿದ್ದರು. ಘಟ್ಟದ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಬೈಂಡು ಹಾಕಿದ ಆ ಪುಸ್ತಕಗಳು ಹರಿದು ಹಳತಾಗುವವರೆಗೂ ಅಲ್ಲೇ ಉಪಯೋಗವಾದವು. ಜಡೆ ಹಾಕಿದ್ದು ಆಶಾ ಅಲ್ಲ ಎಂದು ಅತ್ತೆಗೆ ನಾವು ಇಂದಿಗೂ ಹೇಳಿಲ್ಲ.

ಕಳೆದ ವರ್ಷ ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯವರು ಅದೇ ಟೂರಿಗೆ ಹೋಗಿ ಬಂದರು. ಗೈಡು ಅವನೇ, ಮೈಕು ಅದೇ, ಕನ್ನಡಕ ಟೋಪಿಯ ಮೇಲೆಯೇ. ಈಗ ಅವನು ನಮ್ಮ ಪ್ರಾಪ್ತಿಯನ್ನೂ ಸೇರಿಸಿ ಎಷ್ಟು ದೊಡ್ಡ ಕಥೆ ಕಟ್ಟಿರಬಹುದು ಎಂದು ನಗಲು ತಯಾರಾಗಿಯೇ ನಾನು ಕೇಳಿದೆ: "ಆ ತಗ್ಗಿನ ಕಲ್ಲಿನ ಬಗ್ಗೆ ಎಂತ ಹೇಳಿದ?"

"ಯಾವ ಕಲ್ಲು?" ಎಂದರು ಅವರು. ಆ ಕಡೆಯಿಂದ ಹತ್ತಿಸುವುದಿಲ್ಲವಂತೆ. ಹಿಂದಿನಿಂದ, ಗೇರುಮರಗಳ ನಡುವಿನ ಉದ್ದದ ದಾರಿಯಲ್ಲಿ ಸುತ್ತಿಸಿ ಕರೆದುಕೊಂಡು ಹೋಗುತ್ತಾನಂತೆ. ಯಾಕೆಂದು ಕೇಳಿದ್ದಕ್ಕೆ, "ಅಲ್ಲಿ ನೋಡುವಂಥದ್ದು ಎಂತದ್ದೂ ಇಲ್ಲ," ಎಂದನಂತೆ.

ಒಂದು ಕಂಬಕ್ಕೆ ಐನೂರು ವರ್ಷ ಸೇರಿಸಲು ಹಿಂದೆಮುಂದೆ ನೋಡದವನು, ಕೈಯಲ್ಲಿದ್ದ ಇಂಥ ಕಥೆಯನ್ನು ಮಾರದೆ ಇಟ್ಟುಕೊಂಡಿದ್ದಾನೆ. ಆವತ್ತು ಲೋಟ ತೊಳೆಯುವಾಗ ನಗಬೇಕೆಂದುಕೊಂಡಿದ್ದೆ, ನಗು ಬರಲಿಲ್ಲ.