ಬೆನ್ನಿನ ನೀರು, ಎರಡನೆಯ ಸಲ

ಸರಿತಾ ಹುಟ್ಟಿ ಬೆಳೆದದ್ದು ತುಬಚಿಯಲ್ಲಿ. ಡಾಕ್ಟರಕಿ ಕಲಿತು ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ ಮೇಲೂ ಸಣ್ಣಂದಿನ ಒಂದು ಚಾಳಿ ಅವಳನ್ನು ಬಿಟ್ಟಿರಲಿಲ್ಲ. ಎಲ್ಲದಕ್ಕೂ ಯಾಕೆ, ಹೇಗೆ ಎಂದು ಕೆದಕುವುದು. ರೋಗಿಯನ್ನು ಮುಟ್ಟುವ ಮೊದಲು ಮನೆಯವರನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದಳು. ಹೊರಗೆ ಕಾಯುವವರು ಗೊಣಗುತ್ತಿದ್ದರು.

೨೦೦೯ರ ಬೇಸಿಗೆಯಲ್ಲಿ ರಬಕವಿಯ ಸೀರೆ ವ್ಯಾಪಾರಿ ಶಿದ್ರಾಮಪ್ಪನನ್ನು ಕರೆತಂದರು. ಜ್ವರ, ತಲೆನೋವು, ತಾಳತಪ್ಪಿದ ಮಾತು. ಬಿಸಿಲು ಬಡಿದಿದೆ ಎಂದೇ ಎಲ್ಲರ ಅನಿಸಿಕೆ.

"ಜ್ವರದಾಗ ಬಡಬಡಸಾಕತ್ತಾರೋ, ಇಲ್ಲಾ ಬ್ಯಾರೆ ಥರಾ ಐತೋ?" ಎಂದು ಸರಿತಾ ಅವನ ಹೆಂಡತಿ ಗುರುಬಸವ್ವನನ್ನು ಕೇಳಿದಳು.

"ಬ್ಯಾರೆನ ಐತ್ರಿ ಬಾಯಾರ. ಸೀರಿಗೆ ಚಮಚಾ ಅಂತಾರ. ನನ್ನ ಹೆಸರು ಬಾಯಿಗೆ ಬರವಲ್ದು. ಏನೋ ಸುಡಾಕತ್ತೈತಿ ಅಂತ ಮೂಗು ಮುಚ್ಚಿಕೋತಾರ. ಮನ್ಯಾಗ ಒಲಿನ ಹಚ್ಚಿದ್ದಿಲ್ಲ."

ಇಲ್ಲದ ವಾಸನೆ, ಕಳೆದುಹೋದ ಹೆಸರುಗಳು. ಎರಡೂ ಮಿದುಳಿನಲ್ಲಿ ಕಿವಿಯ ಒಳಬದಿಗಿರುವ ಭಾಗಕ್ಕೆ ಸೇರಿದವು. ಹರ್ಪಿಸ್ ವೈರಸ್ ಅಪರೂಪಕ್ಕೆ ಮಿದುಳಿಗೆ ಹೊಕ್ಕರೆ ಅಲ್ಲಿಗೇ ಹೋಗುತ್ತದೆಂದು ಸರಿತಾ ಓದಿದ್ದಳು. ಕಣ್ಣಾರೆ ಕಂಡಿರಲಿಲ್ಲ.

ಅದು ಹೌದೋ ಅಲ್ಲವೋ ತಿಳಿಯಲು ಬೆನ್ನುಮೂಳೆಯೊಳಗಿನ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಬೇಕಿತ್ತು. ಸ್ಕ್ಯಾನ್ ಮಾಡಿಸಿ, ಸೂಜಿ ಹಾಕಲು ಅಡ್ಡಿಯಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಬೆನ್ನಿನ ನೀರು ಎಂದ ಕೂಡಲೇ ಗುರುಬಸವ್ವ ಬೆದರಿದಳು.

"ಅದನ್ನ ತಗದ್ರ ಕಾಲು ಹೋಗ್ತಾವಂತಲ್ರಿ?"

"ಇಲ್ರಿ ಅವ್ವಾರ. ಬೆನ್ನಹುರಿ ಮುಗಿದ ಮ್ಯಾಲ, ಅದರ ಕೆಳಗ ಸೂಜಿ ಹಾಕ್ತೀವಿ. ತಲಿ ನೋವಾದೀತು, ಕಾಲಿಗೇನಾಗಂಗಿಲ್ಲ."

ನೀರು ತೆಗೆದು ಪರೀಕ್ಷೆಗೆ ಕಳಿಸಿ, ಲ್ಯಾಬಿನ ಉತ್ತರಕ್ಕೆ ಕಾಯದೆ ಅಂದೇ ಸಲಾಯಿನ್‌ನಲ್ಲಿ ವೈರಸ್ಸಿನ ಔಷಧಿ ಶುರುಮಾಡಿದಳು. ಕೆಲವು ದಿನಗಳ ಮೇಲೆ ದೂರದ ಲ್ಯಾಬಿನಿಂದ ಉತ್ತರ ಬಂತು: ವೈರಸ್ ಇಲ್ಲ.

"ಇಲ್ಲ ಅಂದ ಮ್ಯಾಲ ಔಷಧಿ ನಿಲ್ಲಸ್ರಿ," ಎಂದರು ಹಿರಿಯ ವೈದ್ಯ ಬಸವಕುಮಾರ. "ಸುಮ್ನ ಕಿಡ್ನಿಗೆ ತ್ರಾಸ."

ಮಾತು ನ್ಯಾಯವಾದದ್ದೇ. ಆದರೆ ಜ್ವರ ಇಳಿದಿದ್ದರೂ ಶಿದ್ರಾಮಪ್ಪನ ಮಾತು ಮರಳಿರಲಿಲ್ಲ. ಬೇರೆ ಕಾರಣವೂ ಸಿಕ್ಕಿರಲಿಲ್ಲ. ಸರಿತಾಳಿಗೆ ಒಂದೇ ಯೋಚನೆ: ನಾನು ನೀರನ್ನು ತೀರಾ ಬೇಗ ತೆಗೆದೆನೇ? ರೋಗ ಮಿದುಳಿನಲ್ಲಿದ್ದೂ ನೀರಿಗೆ ಇನ್ನೂ ಇಳಿದಿರಲಿಲ್ಲವೇ?

"ಇನ್ನೊಮ್ಮೆ ತಗಿಯೂಣ್ರಿ ಸರ್. ಉತ್ತರ ಬರೂತನಕ ಔಷಧಿ ನಡೀಲಿ."

"ಆಗೂ ಇಲ್ಲ ಅಂತ ಬಂದ್ರ?"

"ಬ್ಯಾರೆ ಏನೈತಿ ಅಂತ ಹುಡುಕೂಣ್ರಿ."

ಬಸವಕುಮಾರ ಒಪ್ಪಿದರು. ಈ ಸಲ ವೈರಸ್ ಸಿಕ್ಕಿತು.

"ತುಟಿ ಮ್ಯಾಲ ಗುಳ್ಳಿ ಏಳಸ್ತೈತಲ್ರಿ, ಅದ ವೈರಸ್," ಎಂದು ಸರಿತಾ ವಿವರಿಸಿದಾಗ ಗುರುಬಸವ್ವ ಅವಳನ್ನೇ ದಿಟ್ಟಿಸಿದಳು.

"ಗುಳ್ಳಿ ನಮಗೆಲ್ಲಾರಿಗೂ ಆಗ್ತಾವು. ಇವರಿಗಷ್ಟ ತಲಿಗೆ ಯಾಕ ಏರಿತ್ರಿ?"

"ಅದು ನನಗೂ ಗೊತ್ತಿಲ್ರಿ. ಯಾರಿಗೂ ಪೂರ್ತಿ ಗೊತ್ತಿಲ್ಲ."

ಔಷಧಿ ಪೂರ್ತಿ ಮುಗಿಸಿಯೇ ಶಿದ್ರಾಮಪ್ಪನನ್ನು ಮನೆಗೆ ಕಳಿಸಿದರು. ದೀಪಾವಳಿಗೆ ಸೀರೆ ಕೊಳ್ಳಲು ಸರಿತಾ ರಬಕವಿಗೆ ಹೋದಳು. ಅಂಗಡಿಯ ಗಾದಿಯ ಮೇಲೆ ಗಂಡ ಹೆಂಡತಿ ಇಬ್ಬರೂ ಕೂತಿದ್ದರು. ಗಿರಾಕಿಗಳ ಹೆಸರು ಅವನಿಗೆ ನೆನಪಿಗೆ ಬರುತ್ತಿರಲಿಲ್ಲ. ಗುರುಬಸವ್ವ ಮೆಲ್ಲಗೆ ಹೇಳಿಕೊಡುತ್ತಿದ್ದಳು. ಸೀರೆಯ ಅಂಚು ಬೆರಳಿಗೆ ತಾಗಿದರೆ ಮಾತ್ರ ಯಾವ ಮಗ್ಗದ್ದೆಂದು ಅವನು ಈಗಲೂ ಹೇಳಬಲ್ಲವನಾಗಿದ್ದ. ಸರಿತಾಳ ಗುರುತು ಅವನಿಗೆ ಹತ್ತಲಿಲ್ಲ.

ಅದಕ್ಕೆ ಅವಳಿಗೆ ಬೇಸರವಾಗಲಿಲ್ಲ. ಚಪ್ಪಲಿ ಬಿಟ್ಟು ಅವನೆದುರು ಕೂತು, "ಮಗ್ಗದ ಗುರ್ತು ಹೆಂಗ ಹತ್ತತೈತ್ರಿ? ನೆನಪಿನಿಂದೋ, ಕೈಯಿಂದೋ?" ಎಂದು ಕೇಳಿದಳು.

ಶಿದ್ರಾಮಪ್ಪ ಒಂದು ಸೀರೆಯ ಸೆರಗನ್ನು ಅವಳ ಕೈಗಿಟ್ಟ. "ನೀವ ಮುಟ್ಟಿ ನೋಡ್ರಿ," ಎಂದ.